ರಿಮ್ಮಿಗೆ ಹಚ್ಚಿದ ಹರಳೆಣ್ಣೆ

ಮಧುವನಹಳ್ಳಿ
18-10-1954

ಚಿ|| ಸೌ|| ಸುವರ್ಣಮ್ಮನಿಗೆ ನಿಮ್ಮಪ್ಪನ ಆಶೀರ್ವಾದ.

ಕಾಗದ ಬರೆಯುವುದು ನನ್ನ ಕೆಲಸವಲ್ಲ. ಮೂರನೇ ಕ್ಲಾಸಿನಲ್ಲಿ ಸ್ಲೇಟು ಎಸೆದು ಬಂದವನನ್ನು ನಿಮ್ಮವ್ವ ಬೆಳಗಿನಿಂದ ಜಗಲಿಯಲ್ಲಿ ಕೂರಿಸಿದ್ದಾಳೆ. ಬರೆಯದೆ ಎದ್ದರೆ ಹಿಟ್ಟು ಇಕ್ಕುವುದಿಲ್ಲವಂತೆ. ಹೋದ ವಾರವೇ ಬರೆಯಬೇಕಿತ್ತು. ರೇಷ್ಮೆಹುಳು ಗೂಡು ಕಟ್ಟುವ ಹೊತ್ತು, ಕೈ ಬಿಡುವಾಗಲಿಲ್ಲ. ತಡವಾಯಿತು, ಬೈದುಕೋ. ಇಲ್ಲಿ ಎಲ್ಲರೂ ಕ್ಷೇಮ. ಕೆಂದ ಹಸು ಈದಿದೆ, ಹೆಣ್ಣುಗರು.

ನಿಮ್ಮ ಹನೂರಿನ ಗಾಡಿ ಮುತ್ತಯ್ಯ ಸಂತೆಗೆ ಬಂದವನು ನಮ್ಮ ಹಿತ್ತಲಲ್ಲಿ ನಿಮ್ಮವ್ವನ ಹತ್ತಿರ ಪಿಸುಗುಡುತ್ತಿದ್ದ. ನನ್ನನ್ನು ಕಂಡು ಬಾಯಿ ಮುಚ್ಚಿದ. ಗದರಿದ ಮೇಲೆ ಹೊರಬಿತ್ತು. ನೀನು ಪಕ್ಕದ ಊರು ಶಾಗ್ಯಕ್ಕೆ ಹೆರಿಗೆ ಮಾಡಿಸಲು ಹೋಗುವಾಗ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಬಿದ್ದೆಯಂತೆ. ಸೈಕಲ್ಲು ಮಾರಿಬಿಡು ಅಂತ ಅಳಿಯಂದಿರು ಕೂತಿದ್ದಾರಂತೆ. ಮಾರಿದರೆ ನಿನ್ನ ನರ್ಸಮ್ಮನ ಕೆಲಸ ಮುಗಿದ ಹಾಗೆ. ನೀನು ಬಂಡಳ್ಳಿಗೆ ನಡೆದು ತಲುಪುವಷ್ಟರಲ್ಲಿ ಕೂಸು ಹುಟ್ಟಿ, ಅತ್ತು, ಮಲಗಿರುತ್ತದೆ.

"ಬ್ರೇಕಿನ ರಬ್ಬರು ಸವೆದಿತ್ತೇನ್ಲಾ?" ಅಂದೆ.

"ಇಲ್ಲ ಕಣ್ರಿ. ಆಯುಧಪೂಜೆ ದಿನ ಅವ್ರತ್ತೆ ಚನ್ನಾಜಮ್ಮೋರು ಗಾಡಿ ಅಚ್ಚಿಗೆ ಆಕ್ದಂಗೆ ಸೈಕಲ್ ಚಕ್ರಕ್ಕೂ ಅರಳೆಣ್ಣೆ ತಿಕ್ಕವ್ರೆ. ರಿಮ್ಮು ಪಳಪಳ ಅಂತಿತ್ತು, ಮಕ ನೋಡ್ಕಬೋದಾಗಿತ್ತು."

"ನಿಲ್ಸೋ ಜಾಗಕ್ಕೇ ಎಣ್ಣೆ ಬಳುದ್ರೆ ನಿಂತದೇನ್ಲಾ?"

"ನಂಗೇನ್ ಗೊತ್ತು? ನನ್ನೆತ್ತು ಓ ಅಂದ್ರೆ ನಿಂತ್ಕತವೆ."

ನಿಮ್ಮತ್ತೆಯನ್ನು ಏನೂ ಅನ್ನಬೇಡ. ಮನೆಯ ಗಾಡಿಗೆ ಮಾಡಿದ ಮರ್ಯಾದೆಯನ್ನೇ ನಿನ್ನ ಸೈಕಲ್ಲಿಗೂ ಮಾಡಿದ್ದಾರೆ. ಸೊಸೆಯ ಸೈಕಲ್ಲು ಬೇಡ ಅನ್ನುವವರು ಅದಕ್ಕೆ ಆರತಿ ಎತ್ತುವುದಿಲ್ಲ. ಅವರು ನಿನ್ನ ಕಡೆ, ತಿಳಿದುಕೋ.

ಈಗ ಹೇಳಿದ ಹಾಗೆ ಮಾಡು. ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ರಿಮ್ಮನ್ನು ಸುತ್ತ ಒರೆಸು. ರಬ್ಬರು ಹೋಗಿ ಕೂರುವುದು ರಿಮ್ಮಿನ ಒಳಮೈಗೆ, ಅಲ್ಲಿ ಕಡ್ಡಿಗಳ ಸಂದಿಗೂ ಬೆರಳು ಹಾಕು. ಆಮೇಲೆ ಸೀಗೆಪುಡಿ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸು. ಸೀಮೆಎಣ್ಣೆಯ ಜಿಡ್ಡು ಉಳಿದರೂ ಜಾರುತ್ತದೆ. ರಬ್ಬರು ಎಣ್ಣೆ ಕುಡಿದು ನುಣ್ಣಗಾಗಿರುತ್ತದೆ, ಒರಟು ಕಲ್ಲಿಗೆ ಉಜ್ಜಿ ತರಿ ಮಾಡು. ಇಷ್ಟಾದ ಮೇಲೂ ಬ್ರೇಕಿನ ಹಿಡಿ ಒತ್ತಿದಾಗ ಹ್ಯಾಂಡಲ್ಲಿಗೆ ತಾಗುತ್ತಿದ್ದರೆ, ಹಿಡಿಯಿಂದ ರಬ್ಬರಿಗೆ ಇಳಿಯುವ ಸರಳಿನ ನಟ್ಟು ಸಡಿಲಿಸಿ, ಸರಳನ್ನು ಸ್ವಲ್ಪ ಮೇಲೆಳೆದು ಬಿಗಿ. ಅತಿ ಎಳೆದರೆ ರಬ್ಬರು ಸದಾ ರಿಮ್ಮು ಕಚ್ಚಿಕೊಂಡಿದ್ದು, ನೀನು ಉಸ್ಸೆನ್ನುತ್ತ ತುಳಿಯಬೇಕಾಗುತ್ತದೆ. ಚಕ್ರ ಎತ್ತಿ ತಿರುಗಿಸಿ ನೋಡಿಕೋ. ಹಿಂದಿನ ಚಕ್ರಕ್ಕೂ ಇದೇ.

ಹತ್ತುವ ಮೊದಲು ಅಳಿಯಂದಿರ ಕೈಗೇ ಸೈಕಲ್ಲು ಕೊಡು. ಹಿಡಿ ಒತ್ತಿಕೊಂಡು ತಳ್ಳಲಿ. ಚಕ್ರ ತಿರುಗದೆ ಮಣ್ಣಿನಲ್ಲಿ ಉಜ್ಜಿಕೊಂಡು ಹೋದರೆ ಬ್ರೇಕು ಹಿಡಿದ ಹಾಗೆ. ಆಮೇಲೂ ಮಾರುವ ಮಾತು ಆಡಲಿ ನೋಡೋಣ. ಅವರು ಕೆಟ್ಟವರಲ್ಲ, ಹೆದರಿದ್ದಾರೆ. ಹೆದರಿಕೆ ಬಿಟ್ಟರೆ ಸರಿಹೋಗುತ್ತಾರೆ.

ನಿನಗೂ ನಿನ್ನ ಕೈಯಲ್ಲಿ ಹುಟ್ಟುವ ಕೂಸುಗಳಿಗೂ ಮಾದಪ್ಪ ಒಳ್ಳೆಯದು ಮಾಡಲಿ.

ಇಂತಿ ನಿಮ್ಮಪ್ಪ
ಗುರುಪಾದಸ್ವಾಮಿ

ಮರೆತಿದ್ದು: ಗಾಡಿ ಹತ್ತುವಾಗ ಮುತ್ತಯ್ಯ ಇನ್ನೊಂದು ಮಾತು ಹೇಳಿದ. "ಅಪ್ಪಂಗೆ ಏಳ್ಬೇಡ, ಸೈಕಲ್ ಕಿತ್ಕಂಡೋಯ್ತಾರೆ ಅಂದಿದ್ರು ನಿಮ್ ಮಗ್ಳು. ನಾನ್ ಏಳ್ದೆ ಅನ್ಬೇಡಿ." ಮೊಣಕಾಲು ಹರಿದುಕೊಂಡಿದ್ದೂ ಅವನಿಂದಲೇ ತಿಳಿಯಿತು. ನಾನು ಎತ್ತಿಗೂ ದಿನಾ ಬೈಯುತ್ತೇನೆ ಮಗಳೇ, ಒಂದನ್ನೂ ಮಾರಿಲ್ಲ. ಇನ್ನು ಬಿದ್ದರೆ ಮೊದಲು ನನಗೆ ಹೇಳು. ಕಾಲು ಹೇಗಿದೆ ಅಂತ ನನ್ನ ಹೆಸರಿಗೇ ಬರೆ, ನಿಮ್ಮವ್ವನ ಹೆಸರಿಗಲ್ಲ. 25ನೇ ತಾರೀಖಿನೊಳಗೆ ಉತ್ತರ ಬರಬೇಕು.