ಮೂಲೆ ಮೂಡಿದ ಹನಿಗಳು

ನವೆಂಬರ್ 11, ಸ್ಫಾಕ್ಸ್

ಬೆಳಗ್ಗೆ ಮತ್ತೆ ಅದೇ ಮಿಶ್ರಣ. ಕೊಬ್ಬಿನ ನ್ಯಾನೋ ಹನಿಗಳು. ಅವುಗಳ ಹೊಟ್ಟೆಯಲ್ಲಿ ಜೀವಕೋಶಕ್ಕೊಂದು ಸಂದೇಶ: ‘ಹಸಿರಾಗಿ ಹೊಳೆ.’ ಹನಿ ಕೋಶದೊಳಕ್ಕೆ ಹೋಗುತ್ತದೆ, ಒಡೆದು ಸಂದೇಶ ಬಿಡುವುದೇ ಇಲ್ಲ. ಬೇಸಿಗೆಯಿಂದ ಇದೇ ಪಾಡು. ಇವತ್ತು ಕೊಲೆಸ್ಟ್ರಾಲ್ ಬದಲು ನಮ್ಮೂರ ಆಲಿವ್ ಎಣ್ಣೆಯಿಂದ ತೆಗೆದ, ಅದೇ ಜಾತಿಯ ಸ್ಟೆರಾಲ್ ಹಾಕಿದೆ. ನೋಡೋಣ...

ನವೆಂಬರ್ 13

ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರ ಬಂತು. ಗುಂಡಗಿರಬೇಕಾದ ಹನಿಗಳಿಗೆ ಮೂಲೆಗಳು! ಲ್ಯಾಬಿನ ಮುಖ್ಯಸ್ಥರು, ನಾವೆಲ್ಲ ಗೌರವದ ‘ಸೀ’ ಸೇರಿಸಿ ಕರೆಯುವ ಸೀ ಮುನ್ಸಿಫ್, ಕನ್ನಡಕ ಹಣೆಗೇರಿಸಿದರು.

“ಏನಮ್ಮ ಹಸ್ನಾ, ಹನಿ ಮಾಡು ಅಂದ್ರೆ ಜಲ್ಲಿಕಲ್ಲು ಮಾಡಿದೀಯಲ್ಲ! ಚೆಲ್ಲು ಅತ್ಲಾಗೆ.”

“ಒಂದ್ಸಲ ಕೋಶಕ್ಕೆ ಹಾಕಿ ನೋಡ್ತೀನಿ, ಸೀ ಮುನ್ಸಿಫ್.”

“ಯಾವ ಕೋಶಕ್ಕೆ? ಬೆಳೆದು ನಿಂತಿರೋದು ಮನ್ನೂಬಿಯಾದು. ಸೋಮವಾರ ಅವಳಿಗೇ ಬೇಕು.”

ಕೇಳಲು ಸಂಕೋಚ. ಕೇಳಿದೆ. ಮನ್ನೂಬಿಯಾ ಪಕ್ಕದ ಮೇಜಿನವಳು. ಹರಿಸಾ ಖಾರ ಬಳಿದ ರೊಟ್ಟಿ ತಿನ್ನುತ್ತಿದ್ದಳು.

“ಅರ್ಧ ತಗೊಳ್ಳೇ. ನನ್ನ ಕೆಲಸ ಒಂದು ವಾರ ತಡ ಆದ್ರೆ ಆಕಾಶ ಕಳಚಿ ಬೀಳಲ್ಲ. ಹೊಳೀದಿದ್ರೆ ಮಾತ್ರ ನಿನ್ನ ಸುಮ್ನೆ ಬಿಡಲ್ಲ!”

ನವೆಂಬರ್ 15, ಸಂಜೆ

ಹೊಳೆಯಿತು! ತಟ್ಟೆ ತುಂಬ ಹಸಿರು — ಮಳೆ ಬಿದ್ದ ಮೇಲಿನ ಹುಲ್ಲಿನ ಹಾಗೆ. ಪಕ್ಕದ ಕೊಲೆಸ್ಟ್ರಾಲ್ ತಟ್ಟೆ ಕಪ್ಪಗೇ ಇದೆ. ಮೂಲೆಗಳೇ ಹನಿಯ ಮೆದು ಜಾಗ. ಕೋಶದೊಳಗೆ ಹನಿ ಅಲ್ಲೇ ಬಿರಿದಿರಬೇಕು. ಮನ್ನೂಬಿಯಾ ನಮ್ಮ ಮದುವೆಮನೆಯ ಹೆಂಗಸರಂತೆ ನಾಲಗೆ ಹೊರಳಿಸಿ ‘ಉಲುಲು’ ಎಂದು ಕೂಗಿದಳು. ಕಾವಲುಗಾರ ಓಡಿ ಬಂದ.

ಸೀ ಮುನ್ಸಿಫ್ ಬಹಳ ಹೊತ್ತು ನೋಡಿ, “ಒಂದ್ಸಲ ಹೊಳೆದ್ರೆ ಅದೃಷ್ಟ. ಮತ್ತೆ ಮಾಡು” ಎಂದರು.

ಡಿಸೆಂಬರ್ 2

ಬರೆಯುವ ಮನಸ್ಸೇ ಇರಲಿಲ್ಲ. ಎರಡನೇ ಸಲ ಬರೀ ಕತ್ತಲೆ. ಸ್ಟೆರಾಲ್ ಪೂರ್ತಿ ಕರಗಿರಲಿಲ್ಲ ಎಂದು ಈಗ ಗೊತ್ತಾಯಿತು. ಬೆಚ್ಚಗೆ ಮಾಡಿ ಕರಗಿಸಿದೆ, ಮೂಲೆಗಳು ಮೂಡಿದವು. ಮನ್ನೂಬಿಯಾ ಈ ಸಲ ತನ್ನ ಕೋಶಗಳನ್ನೆಲ್ಲ ಕೊಟ್ಟಳು. ಅವಳ ಪ್ರಯೋಗ ಜನವರಿಗೆ ಹೋಯಿತು.

“ಥ್ಯಾಂಕ್ಸ್ ಗೀಂಕ್ಸ್ ಬೇಡ. ಬಿಸಿಬಿಸಿ ಕಡಲೆಸಾರು ಕುಡಿಸು, ಮೊಟ್ಟೆ ಒಡೆದು ಹಾಕಿದ್ದು.”

ಕುಡಿಸಿದೆ. ಎರಡು ಬಟ್ಟಲು ಕುಡಿದಳು, ಕಳ್ಳಿ.

ಡಿಸೆಂಬರ್ 4, ಮಧ್ಯಾಹ್ನ

ಮತ್ತೆ ಹಸಿರು. ಮೂರು ತಟ್ಟೆಯಲ್ಲೂ! ಸೀ ಮುನ್ಸಿಫ್ ಮೈಕ್ರೋಸ್ಕೋಪ್ ಬಿಟ್ಟು ಏಳಲೇ ಇಲ್ಲ. ನಾವಿಬ್ಬರೂ ಅವರ ಬೆನ್ನ ಹಿಂದೆ ನಿಂತೇ ಇದ್ದೆವು. ಕೊನೆಗೆ ತಿರುಗಿದರು.

“ಬರೆಯೋಕೆ ಶುರು ಮಾಡು. ಸಂಶೋಧನಾ ಪೇಪರಲ್ಲಿ ಮೊದಲ ಹೆಸರು ನಿಂದೇ ತಾನೆ?”

“ಇಬ್ರದೂ” ಎಂದೆ. “ನಂದು, ಮನ್ನೂಬಿಯಾದು. ಜೊತೆಗೇ.”

ಅವರು ಆಗಲಿ ಎಂದು ತಲೆಯಾಡಿಸಿದರು. ಮನ್ನೂಬಿಯಾ ಈಗ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಾಳೆ, ಏನು ಬರೀತಿದೀಯ ತೋರಿಸು ಅಂತ ಇತ್ತ ಕಡೆಗೇ ಬರ್ತಿದ್ದಾಳೆ, ಪುಸ್ತಕಕ್ಕೇ ಕೈ ಹಾಕಿ—