ತೊಳೆದಿಟ್ಟ ಚಾಪೆಗಳು

೧೪ ಮಾರ್ಚ್ ೨೦೧೩, ಗುರುವಾರ

ಪುರಸಭೆಯ ಸಹಾಯಧನ ನೀಲಾಂಬಿಕಾಳ ಸಂಘಕ್ಕೆ ಹೋಯಿತು. ನಮ್ಮ ಸಂಜೆ ಶಾಲೆಯ ಶೆಡ್ಡು ಈ ಮಳೆಗಾಲವೂ ಸೋರುತ್ತದೆ. ಕಟ್ಟಡ ಕೆಲಸದವರ ಮಕ್ಕಳನ್ನು ಕೂರಿಸಿ ಓದಿಸುವುದನ್ನು ಅವಳಿಗೆ ಕಲಿಸಿದವಳೇ ನಾನು. ಹೊಟ್ಟೆ ಉರಿಯುತ್ತಿದೆ, ಇಲ್ಲಿ ಸುಳ್ಳು ಬರೆದು ಏನು ಬಂತು.

ಹೋದ ವಾರ ಪುರಸಭೆಯವರು ನೋಡಲು ಬರುತ್ತಾರೆಂದು ನೆಲ ಸಾರಿಸಿದ್ದೆ, ಚಾಪೆಗಳನ್ನು ತೊಳೆದಿದ್ದೆ, ಬಾಗಿಲಿಗೆ ರಂಗೋಲಿ ಹಾಕಿದ್ದೆ. ಗಲಾಟೆ ಬೇಡವೆಂದು ಮಕ್ಕಳಿಗೆ ರಜೆ ಕೊಟ್ಟುಬಿಟ್ಟೆ. ಬಂದವರು ಖಾಲಿ ಶೆಡ್ಡು ನೋಡಿ, “ಮಕ್ಕಳೆಲ್ಲಮ್ಮಾ?” ಅಂದರು. ನೀಲಾಂಬಿಕಾಳ ಶಾಲೆಯಲ್ಲಿ ಮಕ್ಕಳು ಅವರನ್ನು ಮುತ್ತಿಕೊಂಡು ಮಗ್ಗಿ ಒಪ್ಪಿಸಿದವಂತೆ.

ಇವತ್ತು ಸಂಜೆ ನೀಲಾಂಬಿಕಾ ಆನೇಕಲ್ ಪೇಟೆಯಿಂದ ಪೇಡೆ ತಂದಳು. “ನಂಗೆ ಕಲ್ಸಿದ್ದೇ ಮಹಾಂತಕ್ಕ ಅಂತ ಪುರಸಭೆಯವ್ರಿಗೂ ಹೇಳ್ದೆ ಅಕ್ಕ.”

“ಹಂಗಾದ್ರೆ ಒಂದು ಪೇಡೆ ಸಾಲಲ್ಲ ಕಣೇ, ಡಬ್ಬೀನೇ ಇಟ್ಟು ಹೋಗು,” ಅಂದೆ. ನಗುತ್ತ ಇಟ್ಟು ಹೋದಳು. ಕೆಟ್ಟವಳಾಗಿದ್ದರೆ ನನಗೆಷ್ಟು ಸುಲಭವಾಗುತ್ತಿತ್ತು.

ಒಂದನ್ನೂ ತಿನ್ನದೆ ಡಬ್ಬಿ ಮುಚ್ಚಿಟ್ಟೆ. ನಾಳೆ ಮಕ್ಕಳಿಗೆ ಹಂಚುತ್ತೇನೆ. ಯಾರು ಕೊಟ್ಟಿದ್ದು ಅಂತ ಕೇಳೇ ಕೇಳುತ್ತವೆ. ಅವಳು ಅಷ್ಟು ಜನರೆದುರು ನನ್ನ ಹೆಸರು ಹೇಳಿದಳು. ನನ್ನ ಬಾಯಲ್ಲಿ ಅವಳ ಹೆಸರು ಬರುತ್ತದೋ, ಇಲ್ಲಾ ನಾನೇ ಅಂಗಡಿಯಿಂದ ತಂದೆ ಅಂದುಬಿಡುತ್ತೇನೋ.