ಯಾರ ಕಡೆ ನೋಡಿದರು

ಚನ್ನಗಿರಿ. 12 ಜೂನ್ 1981, ಶುಕ್ರವಾರ

ಎರಡನೇ ಪೀರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದರೆ ಮೇಜಿನ ಮೇಲೆ ಮತ್ತೆ ಯೂನಿವರ್ಸಿಟಿ ಲಕೋಟೆ. ಒಂದಲ್ಲ, ಎರಡು. ರಾಜ್ಯಶಾಸ್ತ್ರದವರು ಬರೆದಿದ್ದಾರೆ — ಇದು ಸಮಾಜಶಾಸ್ತ್ರದ ವಿಷಯ, ಅಲ್ಲಿ ವಿಚಾರಿಸಿ. ಸಮಾಜಶಾಸ್ತ್ರದವರು ಬರೆದಿದ್ದಾರೆ — ಇದು ರಾಜ್ಯಶಾಸ್ತ್ರದ ವಿಷಯ, ಅಲ್ಲಿ ವಿಚಾರಿಸಿ. ಇವರ ಮನೆ ಹಾಳಾಗ!

ಪಿಎಚ್.ಡಿ.ಗೆ ನಾನು ಕೇಳಹೊರಟಿರುವುದು ಒಂದೇ ಪ್ರಶ್ನೆ. ನಾಯಕತ್ವ ಅಂದರೆ ಏನು? ಹಳ್ಳಿಯಲ್ಲಿ ಜನ ನಿಜವಾಗಿ ಯಾರ ಮಾತು ಕೇಳುತ್ತಾರೆ? ಕುರ್ಚಿ, ಓಟು ಇವರ ಪಾಲಂತೆ. ಜಾತಿ, ನೆಂಟಸ್ತಿಕೆ ಅವರ ಪಾಲಂತೆ. ಮನುಷ್ಯನ ಮಧ್ಯೆ ಬೇಲಿ ಹಾಕಿಕೊಂಡು ಕೂತಿದ್ದಾರೆ.

ಪ್ರಿನ್ಸಿಪಾಲರು ಕಾಗದದೊಳಗೆ ಇಣುಕಿದರು. "ಜಹಾನಾರಾ ಮೇಡಂ, ಲೀಡರ್ ಆಗಾಕೆ ಪಿಎಚ್.ಡಿ. ಬೇಕೇನ್ರೀ? ನಮ್ ಕಡೆ ಒಂದು ಜೀಪ್ ಇದ್ರೆ ಸಾಕಲ್ರೀ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೈಯೆಲ್ಲ ಉರಿಯುತ್ತಿತ್ತು. ಮಾಡಿಯೇ ತೀರುತ್ತೇನೆ. ಎರಡೂ ಡಿಪಾರ್ಟ್‌ಮೆಂಟಿನ ಬಾಗಿಲು ಮುರಿದಾದರೂ ಸರಿ.

3 ಫೆಬ್ರವರಿ 1982

ಸಿಕ್ಕಿತು! ರಿಜಿಸ್ಟ್ರೇಶನ್ ಸಿಕ್ಕಿತು! ನನ್ನನ್ನು ಅಲೆಸಿ ಅಲೆಸಿ ಅವರಿಗೇ ಸಾಕಾಗಿರಬೇಕು. ಇಬ್ಬರು ಗೈಡು. ರಾಜ್ಯಶಾಸ್ತ್ರದ ತಿಪ್ಪೇರುದ್ರಸ್ವಾಮಿ ಸರ್, ಸಮಾಜಶಾಸ್ತ್ರದ ಷಣ್ಮುಖಪ್ಪ ಸರ್. ಇಬ್ಬರೂ ಸಹಿ ಹಾಕಿದರೆ ಮಾತ್ರ ಥೀಸಿಸ್ ಮುಂದೆ ಹೋಗುತ್ತದೆ.

ಒಂದೇ ತೊಂದರೆ. ಇಬ್ಬರೂ ಮಾತು ಬಿಟ್ಟು ಯಾವ ಕಾಲವಾಯಿತೋ. ಇವತ್ತು ಮೂವರೂ ಒಂದೇ ಕೋಣೆಯಲ್ಲಿ ಕೂತಿದ್ದೆವು. ತಿಪ್ಪೇರುದ್ರಸ್ವಾಮಿ ಸರ್ ಕಿಟಕಿ ನೋಡುತ್ತ ಅಂದರು, "ಫ್ಯಾನ್ ಜೋರಾತು ಅಂತ ಅವರಿಗೆ ಹೇಳಮ್ಮ." ಷಣ್ಮುಖಪ್ಪ ಸರ್ ಬಾಗಿಲು ನೋಡುತ್ತ ಅಂದರು, "ಸೆಕೆ ಐತೆ ಅಂತ ಅವರಿಗೆ ಹೇಳಮ್ಮ."

ಎದ್ದು ಹೋಗಿ ಫ್ಯಾನು ಸ್ವಲ್ಪ ನಿಧಾನ ಮಾಡಿ ಬಂದೆ. ಇನ್ನು ಎಷ್ಟು ವರ್ಷ ಈ ಫ್ಯಾನಿನ ಕೆಲಸವೋ...

ಬಿಳಿಚೋಡು. 9 ಮೇ 1982

ಬಸ್ಸಿಳಿದು ಆಚೆ ಹಳ್ಳಿಗೆ ನಡೆದೆ. ಕೈಯಲ್ಲಿ ಬ್ಯಾಗು, ಪ್ರಶ್ನಾವಳಿ. ಊರ ಬಾಗಿಲಲ್ಲೇ ಯಾರೋ ಕೂಗಿದರು — "ಆಪ್ರೇಶನ್ನೋರು ಬಂದ್ರು!" ಗಂಡಸರೆಲ್ಲ ಹೊಲದ ಕಡೆ ಓಟ. ಎಮರ್ಜೆನ್ಸಿ ಮುಗಿದು ಇಷ್ಟು ವರ್ಷವಾದರೂ ಬ್ಯಾಗು ಹಿಡಿದವರನ್ನು ಕಂಡರೆ ಸಂತಾನಹರಣದ ಭಯ. ನಗಬೇಕೋ ಅಳಬೇಕೋ.

ಪಂಚಾಯ್ತಿ ಚೇರ್ಮನ್ ಮಲ್ಲೇಶಪ್ಪನವರು ಎಲ್ಲರನ್ನೂ ವಾಪಸ್ ಕರೆಸಿದರು. ತಮ್ಮ ಪಕ್ಕದಲ್ಲೇ ನನಗೊಂದು ಕುರ್ಚಿ ಹಾಕಿಸಿದರು. ಒಬ್ಬೊಬ್ಬರನ್ನೇ ಕೇಳಿದೆ. ಊರಿನ ಮುಖಂಡರು ಯಾರು? — "ಚೇರ್ಮನ್ನರು." ಜಗಳವಾದರೆ ಯಾರ ಹತ್ತಿರ ಹೋಗುತ್ತೀರಿ? — "ಚೇರ್ಮನ್ನರು." ಒಬ್ಬ ಕೊನೆಗೆ ಮೆಲ್ಲಗೆ ಕೇಳಿದ, "ಎಲ್ಲಾ ಸರಿ ಹೇಳೀವಲ್ರಮ್ಮ, ಲೋನ್ ಯಾವಾಗ ಬರ್ತೈತೆ?"

20 ಜೂನ್ 1983

ವರ್ಷವೇ ಬರೆದಿಲ್ಲ. ಬರೆಯಲು ಏನಿತ್ತು? ಜಗಳೂರು ಸೀಮೆ, ತ್ಯಾವಣಿಗೆ, ನ್ಯಾಮತಿ — ಹೋದಲ್ಲೆಲ್ಲ ಅದೇ ಉತ್ತರ. ಕುರ್ಚಿಯಲ್ಲಿ ಕೂತವನೇ ನಾಯಕ.

ತಿಪ್ಪೇರುದ್ರಸ್ವಾಮಿ ಸರ್: "ಚೆನ್ನಾಗೈತಲ್ಲಮ್ಮ. ಬರೆದು ಮುಗಿಸು." ಷಣ್ಮುಖಪ್ಪ ಸರ್ ಪ್ರಶ್ನಾವಳಿಗಳ ಕಟ್ಟನ್ನು ನನ್ನ ಕಡೆ ತಳ್ಳಿದರು. "ಪಂಚಾಯ್ತಿ ಆಫೀಸಿನ ಬೋರ್ಡ್ ಓದಿದ್ರೂ ಇದೇ ಹೆಸರು ಸಿಗ್ತಿತ್ತಲ್ಲಮ್ಮ. ಇದಕ್ಕೆ ನಾನು ಸಹಿ ಹಾಕಲ್ಲ. ಹಂಗಂತ ಅವರಿಗೂ ಹೇಳು."

ರಿಜಿಸ್ಟ್ರೇಶನ್ ಆಗಿ ನಾಲ್ಕು ವರ್ಷದೊಳಗೆ ಥೀಸಿಸ್ ಕೊಡದಿದ್ದರೆ ಅದು ರದ್ದು. ಹೊಸದಾಗಿ ಯಾರೂ ತೆಗೆದುಕೊಳ್ಳುವುದಿಲ್ಲ. ಬಸ್ಸಿನಲ್ಲಿ ಸೆರಗು ಮುಖಕ್ಕೆ ಹಾಕಿಕೊಂಡು ಅತ್ತುಬಿಟ್ಟೆ. ಕಷ್ಟವೆಂದರೆ ಷಣ್ಮುಖಪ್ಪ ಸರ್ ಹೇಳಿದ್ದು ಸರಿಯಾಗಿತ್ತು.

ಹೊನ್ನಾಳಿ. 14 ಜುಲೈ 1983. ಮಧ್ಯಾಹ್ನ

ರಂಜಾನ್ ಹಬ್ಬಕ್ಕೆ ಮನೆಗೆ ಬಂದಿದ್ದೇನೆ. ಬೇಗ ಬರೆದುಬಿಡಬೇಕು.

ಊಟ ಮುಗಿದು ಎಲ್ಲರೂ ಕೂತಿದ್ದೆವು. ತಮ್ಮ ಸುಬಾನ ಶುರು ಮಾಡಿದ. ಅಬ್ಬಾನ ಟೈಲರ್ ಅಂಗಡಿಯನ್ನು ದಾವಣಗೆರೆಗೆ ಸಾಗಿಸಬೇಕಂತೆ. "ಅಲ್ಲಿ ವ್ಯಾಪಾರ ಜೋರೈತೆ ಅಬ್ಬಾ. ಇಲ್ಲೇನೈತೆ?" ಅಬ್ಬಾ ಗಡ್ಡ ನೀವಿಕೊಂಡರು. ಅಮ್ಮ ಅಂದಳು, "ಮನೆ ಯಜಮಾನ್ರು ನಿಮ್ಮಬ್ಬಾ. ಅವರು ಹೇಳಿದಂಗೆ." ಹೇಳುತ್ತ ಹೇಳುತ್ತ ಅವಳ ಕಣ್ಣು ಅಬ್ಬಾನ ಕಡೆ ಇರಲಿಲ್ಲ! ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಮಜೀದಾ ಖಾಲಾ ಕಡೆ ಇತ್ತು. ಅಮ್ಮನ ಅಕ್ಕ, ಗಂಡ ತೀರಿಕೊಂಡಾಗಿನಿಂದ ನಮ್ಮ ಮನೆಯಲ್ಲೇ ಇರುವವಳು. ಅಬ್ಬಾನೂ ಅವಳ ಕಡೆ ನೋಡಿದರು. ಸುಬಾನನೂ. ಎಲ್ಲರೂ ಬಾಯಿ ಬಿಡುವ ಮೊದಲು ಅವಳ ಕಡೆ ಒಂದು ಸಲ ನೋಡಿಯೇ ಬಿಡುತ್ತಿದ್ದರು.

ಖಾಲಾ ತಲೆಯೆತ್ತಲಿಲ್ಲ. "ಚಾ ಆರತೈತೆ, ಕುಡೀರಿ" ಅಂದಳು. ಅಷ್ಟೇ.

ಕುಡಿದರು. ದಾವಣಗೆರೆ ಮಾತು ಅಲ್ಲಿಗೆ ಮುಗಿಯಿತು. ಅಂಗಡಿ ಹೊನ್ನಾಳಿಯಲ್ಲೇ ಉಳಿಯಿತು.

ನನ್ನ ಪ್ರಶ್ನಾವಳಿ ಹಿಡಿದು ನಮ್ಮ ಮನೆಗೇ ಯಾರಾದರೂ ಬಂದಿದ್ದರೆ? ಯಜಮಾನರು — ಖಾಜಾಸಾಬ್, ಟೈಲರ್. ಎಲ್ಲರದೂ ಒಂದೇ ಉತ್ತರ. ಖಾಲಾ ಹೆಸರು ಖಾಲಾನೇ ಹೇಳುತ್ತಿರಲಿಲ್ಲ. ಜೋರಾಗಿ ನಕ್ಕುಬಿಟ್ಟೆ. "ಓದಿ ಓದಿ ಹುಡುಗಿಗೆ ಏನೋ ಆಗೈತೆ" ಅಂದಳು ಖಾಲಾ.

ಕೇಳಬಾರದು. ನೋಡಬೇಕು. ಬಾಯಿ ಬಿಡುವ ಮೊದಲು ಜನ ಯಾರ ಕಡೆ ನೋಡುತ್ತಾರೆ?

ಬಿಳಿಚೋಡು. 11 ಡಿಸೆಂಬರ್ 1983

ಮತ್ತೆ ಅದೇ ಹಳ್ಳಿ. ಈ ಸಲ ಪ್ರಶ್ನಾವಳಿ ಇಲ್ಲ. ಮಲ್ಲೇಶಪ್ಪನವರ ಕುರ್ಚಿಯೂ ಬೇಡವೆಂದೆ. ಹೆಂಗಸರ ಜೊತೆ ಕಟ್ಟೆಯ ಕೆಳಗೆ ಕೂತೆ. ಬೋರ್‌ವೆಲ್ ಎಲ್ಲಿ ಕೊರೆಸಬೇಕೆಂಬ ಪಂಚಾಯ್ತಿ. ಗದ್ದಲವೋ ಗದ್ದಲ.

ಎಲ್ಲರೂ ನೋಡಿದ್ದು ಕುರಿ ಸಾಕುವ ಕಲ್ಲಮ್ಮನ ಕಡೆ. ಸ್ವತಃ ಚೇರ್ಮನ್ನರೂ "ನಾನು ತೀರ್ಮಾನ ಮಾಡೀನಿ" ಎಂದು ಶುರು ಮಾಡಿ, ಕಲ್ಲಮ್ಮನ ಮುಖ ನೋಡಿ, "...ಅಂದ್ರೆ, ಇನ್ನೂ ಮಾಡಾಕೆ ಟೈಮ್ ಐತೆ" ಎಂದು ನಿಲ್ಲಿಸಿದರು. ಬೋರ್‌ವೆಲ್ ಕೊನೆಗೆ ಚೇರ್ಮನ್ನರ ಮನೆ ಮುಂದೆ ಬರಲಿಲ್ಲ, ಕೇರಿಗಳು ಕೂಡುವ ಜಾಗಕ್ಕೆ ಹೋಯಿತು.

ಆಮೇಲೆ ಕಲ್ಲಮ್ಮನನ್ನು ಹಿಡಿದೆ. ಎಲ್ಲರೂ ನಿಮ್ಮ ಕಡೆ ಯಾಕೆ ನೋಡುತ್ತಾರೆ? "ನನ್ ಮಾರಿಯಾಗೇನೈತೆ ನೋಡಾಕೆ? ಹೋಗ್ರಮ್ಮ, ನಿಮ್ದೊಂದು ತಮಾಸೆ! ನಮ್ ಕುರಿ ನೋಡ್ರಿ, ಯಾರದೋ ಹೊಲಕ್ಕೆ ನುಗ್ಗತಾವೆ." ನನ್ನ ಕೈಗೂ ಕೋಲು ಕೊಟ್ಟು ಕುರಿಗಳ ಹಿಂದೆ ಓಡಿಸಿದಳು. ಓಡಿದೆ! ಚಪ್ಪಲಿ ಹರಿಯಿತು. ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

18 ಆಗಸ್ಟ್ 1985

ಎರಡು ರಜಾಕಾಲ ಊರೂರು. ಸೂಳೆಕೆರೆ ದಂಡೆಯ ಮೀನುಗಾರರ ಜಗಳ, ನ್ಯಾಮತಿ ಸಂತೆಯ ತಕರಾರು, ಜಗಳೂರಿನ ಕೇರಿಗಳು. ಕೂತು ನೋಡುವುದು, ಬರೆಯುವುದು. ಕೆಲವು ಕಡೆ ಕುರ್ಚಿಯಲ್ಲಿದ್ದವನೇ ನಿಜವಾದ ನಾಯಕ, ಅದನ್ನೂ ಬರೆದಿದ್ದೇನೆ. ಸುಳ್ಳೇಕೆ?

ಷಣ್ಮುಖಪ್ಪ ಸರ್ ಓದಿ, ಕನ್ನಡಕ ಒರೆಸಿ, ಸಹಿ ಹಾಕಿದರು. ತಿಪ್ಪೇರುದ್ರಸ್ವಾಮಿ ಸರ್ ಮಾತ್ರ — "ಕಣ್ಣೋಟ ಪುರಾವೆ ಹೆಂಗಾಗ್ತೈತೆ?" ಸರಿ, ಬನ್ನಿ ಎಂದು ನ್ಯಾಮತಿಗೆ ಕರೆದುಕೊಂಡು ಹೋದೆ. ಸಂತೆ ಪಕ್ಕದ ಒಂದು ಸಭೆಯಲ್ಲಿ ಕೂರಿಸಿದೆ. ಸ್ವಲ್ಪ ಹೊತ್ತಿಗೆ ಅವರೇ ನನ್ನ ಮೊಣಕೈ ತಿವಿದರು. "ನೋಡಮ್ಮ, ನೋಡು! ಆ ಹಳದಿ ರುಮಾಲಿನೋನ ಕಡೆ!" ಕೂಸಿನಂತೆ ಕುಣಿದಾಡಿದರು. ವಾಪಸ್ ಬರುವಾಗ ಬಸ್‌ಸ್ಟ್ಯಾಂಡಿನಲ್ಲೇ ಸಹಿ ಹಾಕಿದರು.

20 ಜೂನ್ 1986, ಶುಕ್ರವಾರ. ಸಂಜೆ

ಇವತ್ತು ವೈವಾ. ಹೈದರಾಬಾದಿನಿಂದ ಬಂದ ಪರೀಕ್ಷಕರು ಗಂಟುಮುಖದವರು. ಮೊದಲ ಪ್ರಶ್ನೆಯೇ ಚಾಟಿಯೇಟು. ಜನ ನಿಮ್ಮ ಪ್ರಶ್ನೆಗೆ ಸುಳ್ಳು ಹೇಳಿದರು ಅನ್ನುತ್ತೀರೇನು?

"ಸುಳ್ಳಲ್ಲ ಸರ್. ಮರ್ಯಾದೆಗೆ ಒಬ್ಬರ ಹೆಸರು ಹೇಳುತ್ತಾರೆ. ಕೆಲಸಕ್ಕೆ ಇನ್ನೊಬ್ಬರ ಕಡೆ ನೋಡುತ್ತಾರೆ."

ಪೆನ್ನು ಕೆಳಗಿಟ್ಟರು. ಆಮೇಲೆ ಪ್ರಶ್ನೆಗಳ ಸುರಿಮಳೆ. ಒಂದಕ್ಕೂ ತಡವರಿಸಲಿಲ್ಲ. ಕಲ್ಲಮ್ಮ ಹತ್ತಿರದಲ್ಲೇ ಕೋಲು ಹಿಡಿದು ನಿಂತಂತಿತ್ತು. ಕಡೆಗೆ ಕೇಳಿದರು — ಥೀಸಿಸ್ ಒಪ್ಪಿದ್ದೇನೆ, ಆದರೆ ಇದು ಯಾವ ಡಿಪಾರ್ಟ್‌ಮೆಂಟಿನದು?

"ನಮ್ಮದು" ಅಂದರು ತಿಪ್ಪೇರುದ್ರಸ್ವಾಮಿ ಸರ್. "ನಮ್ಮದು" ಅಂದರು ಷಣ್ಮುಖಪ್ಪ ಸರ್. ಒಟ್ಟಿಗೇ.

"ರೀ ಷಣ್ಮುಖಪ್ಪ, ನಿಮ್ದು ಹೆಂಗಾಗ್ತೈತ್ರೀ?"

"ನಿಮ್ದು ಹೆಂಗಾಗ್ತೈತೆ ಅದನ್ ಹೇಳ್ರಿ ಮೊದ್ಲು!"

ಮಾತಾಡಿಬಿಟ್ಟರು! ನೇರವಾಗಿ, ಮುಖ ನೋಡಿಕೊಂಡು! ಪರೀಕ್ಷಕರು ನಕ್ಕು ಎರಡೂ ಹೆಸರು ಬರೆದರು. ಇಬ್ಬರೂ ಜಗಳವಾಡುತ್ತಲೇ ಕ್ಯಾಂಟೀನಿಗೆ ಹೋದರು. ನನ್ನನ್ನು ಕರೆಯುವುದೇ ಮರೆತರು.

ಡಾಕ್ಟರ್ ಜಹಾನಾರಾ. ಇನ್ನೊಮ್ಮೆ ಬರೆಯುತ್ತೇನೆ, ಯಾರು ಕೇಳುತ್ತಾರೆ? ಡಾಕ್ಟರ್ ಜಹಾನಾರಾ.

ಹೊನ್ನಾಳಿ. 22 ಜೂನ್ 1986, ಭಾನುವಾರ. ಮಧ್ಯಾಹ್ನ

ಅಬ್ಬಾ ನಿನ್ನೆಯಿಂದ ಟೇಪು ಹಿಡಿದು ಹಿಂದೆ ಬಿದ್ದಿದ್ದಾರೆ. "ಘಟಿಕೋತ್ಸವಕ್ಕೆ ಬಾಡಿಗೆ ಗೌನ್ ಯಾಕೆ? ನಾನೇ ಹೊಲೀತೀನಿ. ಕಾಲರ್ ಹೆಂಗಿರ್ತೈತೆ?" ಓಣಿಯವರೆಲ್ಲರ ಮುಂದೆ ಅಳತೆ ತೆಗೆದರು. ತೆಗೆಯುತ್ತ ಕಣ್ಣೊರೆಸಿಕೊಂಡರು. ನಾನೂ.

ಊಟವಾದ ಮೇಲೆ ಬೇರೆ ಮಾತು ಎದ್ದಿತು. ತಂಗಿಯ ಮಗಳು ಶಾಹಿದಾ ಎಸೆಸೆಲ್ಸಿ ಪಾಸಾಗಿದ್ದಾಳೆ, ಫಸ್ಟ್ ಕ್ಲಾಸು. ಹರಿಹರದಿಂದ ಒಂದು ಸಂಬಂಧ ಬಂದಿದೆಯಂತೆ. "ಹುಡುಗಂದು ಸ್ವಂತ ಗ್ಯಾರೇಜ್ ಐತೆ" ಅಂದ ಸುಬಾನ. "ಓದಿದ್ದು ಸಾಕಲ್ಲ" ಅಂದ ತಂಗಿಯ ಗಂಡ. ಶಾಹಿದಾ ಬಾಗಿಲ ಹಿಂದೆ ನಿಂತು ಪರದೆಯ ಅಂಚು ಹಿಂಡುತ್ತಿದ್ದಳು.

ಎಲ್ಲರೂ ಖಾಲಾ ಕಡೆ ನೋಡಿದರು. ಎಂದಿನಂತೆ.

ಖಾಲಾ ಅಡಕತ್ತರಿ ಕೆಳಗಿಟ್ಟಳು. ಈ ಸಲ ತಲೆಯೆತ್ತಿದಳು. ನನ್ನ ಕಡೆ ನೋಡಿದಳು.

ಅವಳ ಹಿಂದೆಯೇ ಅಮ್ಮ, ಅಬ್ಬಾ, ಸುಬಾನ, ತಂಗಿ, ಅವಳ ಗಂಡ — ಎಲ್ಲರ ಕಣ್ಣೂ ನನ್ನ ಮೇಲೆ. ಇಷ್ಟು ವರ್ಷ ಅವರಿವರ ಕಣ್ಣು ಕಾಯ್ದವಳು ನಾನು. ಹೈದರಾಬಾದಿನವರ ಮುಂದೆಯೇ ತಡವರಿಸಿರಲಿಲ್ಲ. ಭಾಷಣವೇ ಮಾಡಬಹುದಿತ್ತು.

"ಚಾ ಆರತೈತೆ, ಕುಡೀರಿ" ಅಂದೆ.

ಕುಡಿದರು. ಹರಿಹರದ ಮಾತು ಅಲ್ಲಿಗೆ ಮುಗಿಯಿತು. ಖಾಲಾ ಅಡಕತ್ತರಿ ಎತ್ತಿಕೊಂಡಳು. ಮೀಸೆಯಿದ್ದಿದ್ದರೆ ಅದರೊಳಗೇ ನಗುತ್ತಿದ್ದಳು.

ನಾಲ್ಕರ ಬಸ್ಸಿಗೆ ಚನ್ನಗಿರಿ. ನನ್ನ ಜೊತೆ ಶಾಹಿದಾನೂ. ಪಿಯುಸಿ ಅರ್ಜಿಗೆ ನಾಳೆ ಕೊನೆಯ ದಿನ. ಇಗೋ, ಅವಳ ಟ್ರಂಕಿನ ಮುಚ್ಚಳ ಹಾಕಲು ಬರುತ್ತಿಲ್ಲವಂತೆ, ಮೇಲೆ ಕೂತ್ಕೋ ಬಾ ಅಂತ ಕೂಗುತ್ತಿ—